ಇಳಿತದ ಹೊತ್ತು

ಮಡಿಲ ಮೇಲಿದ್ದ ನೀಲಿ ಡಬ್ಬಿಯನ್ನು ಕಂಡು ಕಂಡಕ್ಟರ್ "ಒಳಗೆ ಮೀನಾ ಅಕ್ಕಾ?" ಎಂದು ಕೇಳಿದಾಗ ಸುಗಂಧಾ ಹೌದು ಎಂದುಬಿಟ್ಟಳು. ಡಬ್ಬಿಯಲ್ಲಿ ಇದ್ದದ್ದು ನಾಲ್ಕು ಐಸ್ ಪ್ಯಾಕು, ಹತ್ತಿಯ ಸುರುಳಿ, ಆರು ಖಾಲಿ ಗಾಜಿನ ಕೊಳವೆ. ವಾಪಸು ಬರುವಾಗ ಆ ಕೊಳವೆಗಳಲ್ಲಿ ಮಂಜಗುಣಿಯ ಜಟ್ಟಿ ಗೌಡನ ರಕ್ತ ಇರಬೇಕು. ಆಸ್ಪತ್ರೆಯ ಡಬ್ಬಿ ಎಂದರೂ ಸಾಕಿತ್ತು. ಬೆಳಿಗ್ಗೆ ಒಂಬತ್ತರ ಅಂಕೋಲಾ ಬಸ್ಸಿನಲ್ಲಿ ಯಾರಿಗೆ ಯಾರ ರಕ್ತದ ಉಸಾಬರಿ. ಆದರೆ ನಾಲಿಗೆಗೆ ಹೌದು ಎನ್ನುವುದೇ ಸಲೀಸಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಆಸೆಯಿಂದ ಬಗ್ಗಿ "ಎಂತಾ ಮೀನು?" ಎಂದಳು. ಬಂಗಡೆ ಎಂದಳು ಸುಗಂಧಾ. "ಕಾರವಾರದಿಂದ ಅಂಕೋಲೆಗೆ ಬಂಗಡೆ ಒಯ್ಯೂದಾ? ಅಲ್ಲೆಂತ ಮೀನಿಗೆ ಬರಗಾಲ ಬಂತಾ?" ಎಂದು ಆಕೆ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ನಕ್ಕಳು. ಸುಗಂಧಾಳ ಕಿವಿ ಬಿಸಿಯಾಯಿತು. ನಲವತ್ತಮೂರು ವರ್ಷದ ಹೆಂಗಸು, ಹದಿನೆಂಟು ವರ್ಷ ನರ್ಸ್ ಆಗಿದ್ದವಳು, ಈಗ ಎರಡು ವರ್ಷದಿಂದ ಅದೇ ಆಸ್ಪತ್ರೆಯಲ್ಲಿ ಮಿದುಳಿನ ಪೆಟ್ಟಿನ ಅಧ್ಯಯನದ ಸಂಯೋಜಕಿ ಎಂದು ಎದೆಯ ಮೇಲೆ ಬಿಲ್ಲೆ ತೂಗಿಸಿಕೊಂಡವಳು, ಒಂದು ಬಂಗಡೆಯ ಸುಳ್ಳನ್ನು ನೆಟ್ಟಗೆ ಹೇಳಲಾರಳು. ದೊಡ್ಡ ಸುಳ್ಳು ಮಾತ್ರ ಯಾರ ಕಣ್ಣಿಗೂ ಬೀಳದೆ ಕಾಗದದ ಮೇಲೆ ಅಚ್ಚುಕಟ್ಟಾಗಿ ಕೂತಿದೆ. ಅವಳು ಡಬ್ಬಿಯನ್ನು ಕಾಲಬಳಿ ಇಟ್ಟು ಕಿಟಕಿಯ ಕಡೆ ತಿರುಗಿದಳು.

ಬಸ್ಸು ಚೆಂಡಿಯಾ ದಾಟುತ್ತಿತ್ತು. ನೌಕಾನೆಲೆಯ ಉದ್ದನೆಯ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ. ಅದರಾಚೆ ಎಲ್ಲೋ ಅವಳು ಹುಟ್ಟಿದ ಮನೆ ಇತ್ತು. ತೋರಿಸು ಎಂದರೆ ಬೆರಳು ಯಾವ ಕಡೆ ಚಾಚಬೇಕೆಂದು ಈಗ ಅವಳಿಗೂ ತಿಳಿಯದು. ನೆಲೆಗೆಂದು ಊರು ಎಬ್ಬಿಸಿದ ಮೇಲೆ ಸರಕಾರ ಕೊಟ್ಟ ಜಾಗದಲ್ಲಿ ಕಟ್ಟಿದ ಮನೆಯಿಂದ ಸಮುದ್ರ ಕಾಣುತ್ತಿರಲಿಲ್ಲ, ಅದರ ಸದ್ದೂ ಬರುತ್ತಿರಲಿಲ್ಲ. ಆದರೂ ಅಪ್ಪ ಸಾಯುವ ವಾರದವರೆಗೂ ಅಂಗಳದಲ್ಲಿ ನಿಂತು, ಈಗ ಭರತ ತುಂಬಿತು, ಈಗ ಇಳಿತ ಹತ್ತಿತು ಎಂದು ಕೊಂಕಣಿಯಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಯಾರಿಗೂ ಅದು ಬೇಕಾಗಿರಲಿಲ್ಲ. ಅಮಾವಾಸ್ಯೆಯ ದಿನ ಹನ್ನೊಂದರ ಸುಮಾರಿಗೆ ನೀರು ತುಂಬಿ ನಿಲ್ಲುತ್ತದೆ, ಮುಂದಿನ ದಿನಕ್ಕೆ ಎರಡು ಘಳಿಗೆ, ಅಂದರೆ ಮುಕ್ಕಾಲು ಗಂಟೆಯಷ್ಟು, ಸೇರಿಸು, ಹಿಂದಿನ ದಿನಕ್ಕೆ ಎರಡು ಘಳಿಗೆ ಕಳೆ ಎಂದು ಮಗಳ ಬೆರಳು ಹಿಡಿದು ಕಲಿಸಿದ್ದ. ಅವಳು ತಪ್ಪಿದರೆ ಬೆರಳನ್ನೇ ಹಿಂಡುತ್ತಿದ್ದ. ಆ ವಿದ್ಯೆಗೆ ಬೆಲೆ ಬಂದದ್ದು ಅವನು ಸತ್ತ ಏಳನೆಯ ವರ್ಷಕ್ಕೆ, ಅದೂ ಆಸ್ಪತ್ರೆಯ ವರಾಂಡದಲ್ಲಿ, ಅದೂ ಇಂಥ ಕೆಲಸಕ್ಕೆ.

ಆರು ತಿಂಗಳಾಯಿತು. ಏಪ್ರಿಲ್ ತಿಂಗಳು, ಅಮಾವಾಸ್ಯೆಗೆ ಒಂದು ದಿನ ಮುಂಚೆ, ಮಧ್ಯಾಹ್ನ ಎರಡೂವರೆಗೆ ಜಟ್ಟಿ ಗೌಡನನ್ನು ಟೆಂಪೋದಲ್ಲಿ ಮಲಗಿಸಿ ತಂದಿದ್ದರು. ಗಜನಿಯ ಕಟ್ಟೆಯ ಮೇಲಿಂದ ಕೆಳಗಿನ ಕಲ್ಲಿಗೆ ಬಿದ್ದು ತಲೆಗೆ ಪೆಟ್ಟು. ಅಳಿವೆಯ ಪಕ್ಕದ ಆ ಉಪ್ಪುಗದ್ದೆಯಲ್ಲಿ ಮಳೆಗಾಲಕ್ಕೆ ಕಗ್ಗದ ಭತ್ತ, ಬೇಸಿಗೆಗೆ ಸಿಗಡಿ. ಕಟ್ಟೆಗೆ ಒಂದು ಹಲಗೆಯ ಬಾಗಿಲು. ಭರತಕ್ಕೆ ನೀರು ಒಳಗೆ ಬಿಟ್ಟುಕೊಂಡು, ಇಳಿತ ಹತ್ತಿದ ಕೂಡಲೇ ಬಾಯಿಗೆ ಬಲೆ ಕಟ್ಟಿ ಹಲಗೆ ಎತ್ತುತ್ತಾರೆ. ಹಾಗೆ ಎತ್ತುವಾಗ ಬಿದ್ದವನು. ಅವನ ಹೆಂಡತಿ ಕಾಮಿ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಕಚ್ಚಿಕೊಂಡಿದ್ದಳು. ಡಾಕ್ಟರ್ ಕಿಶನ ಬಯಲುಸೀಮೆಯ ಹುಡುಗ, ಮೂವತ್ತೂ ದಾಟಿಲ್ಲ. "ಎಷ್ಟು ಗಂಟೆಗೆ ಬಿದ್ದರು?" ಎಂದು ಮೂರು ಸಲ ಕೇಳಿದ. "ಇಳಿತಕ್ಕೆ ಹಲಗೆ ಎತ್ತೂಕೆ ಹೋದವ್ರು" ಎಂದು ಅವಳು ಮೂರು ಸಲವೂ ಅದನ್ನೇ ಹೇಳಿದಳು. "ಇಳಿತ ಅಂದರೆ ಎಷ್ಟು ಗಂಟೆ?" ಎಂದು ಕಿಶನ ತಲೆ ಕೆರೆದುಕೊಂಡಾಗ ಸುಗಂಧಾ ಮುಂದೆ ಬಂದಳು. ಹನ್ನೊಂದರಿಂದ ಎರಡು ಘಳಿಗೆ ಕಳೆದು, ಬೆರಳು ಮಡಿಸಿ, "ಹತ್ತೂಕಾಲು ಸರ್" ಎಂದಳು. ಕಿಶನ ಬಾಯಿ ತೆರೆದು ಅವಳನ್ನು ನೋಡಿದ. ಆ ನೋಟ ಎಷ್ಟು ಹಿತವಾಗಿತ್ತೆಂದು ನೆನೆದರೆ ಈಗಲೂ ಅವಳಿಗೆ ಮೈ ಹಿಡಿಯಾಗುತ್ತದೆ.

ಅಧ್ಯಯನದ ಔಷಧವನ್ನು ಪೆಟ್ಟು ಬಿದ್ದ ಎಂಟು ಗಂಟೆಯೊಳಗೆ ಕೊಡಬೇಕು. ರೋಗಿಗಳ ಮನೆಯವರಿಗೆ ಅವಳು ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ ಅಡುಗೆ ಮಾಡುವಾಗಲೂ ಬಾಯಿಗೆ ಬರುತ್ತಿತ್ತು. ತಲೆಗೆ ಪೆಟ್ಟು ಬಿದ್ದ ಗಳಿಗೆಗೆ ಸತ್ತ ನರಕೋಶ ಸತ್ತದ್ದೇ, ಅದಕ್ಕೆ ಯಾರೂ ಏನೂ ಮಾಡಲಾರರು. ಆದರೆ ಆಮೇಲೆ ಮಿದುಳಿನ ಕಾವಲು ಕೋಶಗಳು ಎಚ್ಚರಾಗಿ ನುಗ್ಗುತ್ತವೆ, ಉರಿಯೂತ ಏಳುತ್ತದೆ, ಬಾವು ಬರುತ್ತದೆ. ಸತ್ತದ್ದನ್ನು ಗುಡಿಸಲು ಬಂದವು ಪಕ್ಕದಲ್ಲಿ ಬದುಕಿದ್ದವನ್ನೂ ಬಿಡುವುದಿಲ್ಲ. ಆ ಎರಡನೆಯ ಸಾವನ್ನು ತಡೆಯುವ ಔಷಧ ಇದು. ಮನೆಯವರು ಇಷ್ಟು ಕೇಳಿ ತಲೆಯಾಡಿಸುತ್ತಿದ್ದರು. ಅವರಿಗೆ ಹೇಳದಿದ್ದ ಒಂದು ಮಾತನ್ನು ಕಿಶನ ಅವಳಿಗೆ ಹೇಳಿಕೊಟ್ಟಿದ್ದ. ಹೊತ್ತು ಮೀರಿದರೆ ಅವೇ ಕಾವಲು ಕೋಶಗಳು ಗಾಯ ಮಾಯಿಸುವ ಕೆಲಸಕ್ಕೆ ತಿರುಗಿರುತ್ತವೆ; ಆಗ ಅವುಗಳ ಕೈ ಕಟ್ಟಿದರೆ ಒಳ್ಳೆಯದಾಗುವ ಬದಲು ಕೆಟ್ಟದ್ದಾದೀತು, ಇಲಿಗಳಲ್ಲಿ ಹಾಗೆ ಕಂಡಿದೆ. ಅದಕ್ಕೇ ಎಂಟು ಗಂಟೆ ಎಂದರೆ ಎಂಟೇ ಗಂಟೆ. ಮೇಲಾಗಿ ಅರ್ಧದಷ್ಟು ಬಾಟಲಿಗಳಲ್ಲಿ ಔಷಧ, ಉಳಿದವುಗಳಲ್ಲಿ, ಹೋಲಿಸಿ ನೋಡಲೆಂದು, ಬರೀ ಉಪ್ಪುನೀರು. ಯಾವುದರಲ್ಲಿ ಯಾವುದು ಎಂದು ಕಿಶನನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ, ಎಲ್ಲ ಮುಗಿದ ಮೇಲೆ ದೂರದ ಊರಿನಲ್ಲಿ ಯಾರೋ ಪಟ್ಟಿ ಬಿಚ್ಚಿ ನೋಡುತ್ತಾರೆ. ಸಂಜೆ ನಾಲ್ಕಕ್ಕೆ ಜಟ್ಟಿಯ ತೋಳಿಗೆ ಬಾಟಲಿ ಏರಿತು. ಹತ್ತೂಕಾಲಿನಿಂದ ನಾಲ್ಕಕ್ಕೆ ಆರು ಗಂಟೆಯೂ ಇಲ್ಲ.

ಆದರೆ ದಿನಕ್ಕೆ ಇಳಿತ ಎರಡು. ಒಂದು ಬೆಳಗಿನದು, ಇನ್ನೊಂದು ಹಿಂದಿನ ರಾತ್ರಿಯದು. ಯಾವ ಇಳಿತ ಎಂದು ಕಿಶನನಿಗೆ ಕೇಳಲು ತಿಳಿಯದು. ಅವಳಿಗೆ ತಿಳಿದಿತ್ತು, ಅವಳು ಕೇಳಲಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಗಜನಿಯ ಬಲೆ ಕಟ್ಟುವುದು ರಾತ್ರಿ ಇಳಿತಕ್ಕೆ. ಕತ್ತಲಲ್ಲೇ ಸಿಗಡಿ ಏಳುತ್ತದೆ; ಬೆಳಗಿನ ಬಿಸಿಲಲ್ಲಿ ಹಲಗೆ ಎತ್ತುವವನನ್ನು ಕಂಡು ಊರವರು ನಗುತ್ತಾರೆ. ಸಮುದ್ರ ಬಿಟ್ಟು ಎಷ್ಟು ವರ್ಷವಾದರೂ ಚೆಂಡಿಯಾದ ಮಗಳಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ. ಅಷ್ಟೂ ಸಾಲದೆಂಬಂತೆ, ಬಟ್ಟೆ ಬಿಚ್ಚುವಾಗ ಜಟ್ಟಿಯ ಸೊಂಟದಿಂದ ಒಂದು ಟಾರ್ಚು ಅವಳ ಕೈಗೇ ಬಂದಿತ್ತು. ಗುಂಡಿ ಒತ್ತಿದ ಹಾಗೇ ಇತ್ತು, ಬೆಳಕು ಇರಲಿಲ್ಲ. ರಾತ್ರಿಯಿಡೀ ಉರಿದು ಸೆಲ್ಲು ತೀರಿತ್ತು. ತಲೆಯ ಕೂದಲಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅವಳು ಟಾರ್ಚನ್ನು ಒದ್ದೆ ಲುಂಗಿಯಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದಳು. ಹಾಗೆ ಮಾಡುವಾಗ ಮನಸ್ಸಿನಲ್ಲಿ ಏನಿತ್ತು? ಪಾಪ, ಔಷಧ ಸಿಕ್ಕಿ ಬದುಕಲಿ ಎಂದು ಇತ್ತೇ? ಈ ಮಾತನ್ನು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ. ನಿಜವಾಗಿ ಇದ್ದದ್ದು ಹನ್ನೆರಡು ಎಂಬ ಅಂಕೆ. ಕಾರವಾರದಿಂದ ಹನ್ನೆರಡು ರೋಗಿಗಳು ಸೇರಬೇಕಿತ್ತು, ಹನ್ನೊಂದು ಸೇರಿದ್ದರು, ತಿಂಗಳ ಕೊನೆಗೆ ಸೇರ್ಪಡೆಯ ಬಾಗಿಲು ಹಾಕುವುದಿತ್ತು. ಮತ್ತೆ ಆಗಷ್ಟೇ ಹತ್ತೂಕಾಲು ಎಂದು ಎಲ್ಲರೆದುರು ಹೇಳಿ ಮೆಚ್ಚುಗೆ ಗಿಟ್ಟಿಸಿಕೊಂಡ ಬಾಯಿ, ಅರ್ಧ ಗಂಟೆಯಲ್ಲಿ ತಪ್ಪಾಯಿತು ಎನ್ನಲು ಒಪ್ಪಲಿಲ್ಲ.

ಕಿಶನ ಒಳ್ಳೆಯವನು, ಅದೇ ಫಜೀತಿ. ಜೂನ್‌ನಲ್ಲಿ ಎಲ್ಲ ಊರುಗಳ ಸಂಶೋಧಕರು ಕಂಪ್ಯೂಟರಿನಲ್ಲಿ ಮುಖ ತೋರಿಸಿಕೊಂಡು ಸಭೆ ನಡೆಸಿದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಸುಗಂಧಾ ಸಮುದ್ರ ನೋಡಿ ಗಂಟೆ ಹೇಳುತ್ತಾರೆ ಎಂದು ಹೊಗಳಿದ್ದ. ಹದಿನಾರು ಚೌಕಗಳಲ್ಲಿ ಹದಿನಾರು ಮುಖ ನಕ್ಕವು, ಒಬ್ಬರು ಚಪ್ಪಾಳೆ ತಟ್ಟಿದರು. ಹದಿನೇಳನೆಯ ಚೌಕದಲ್ಲಿ ತನ್ನದೇ ಮುಖ ತಲೆ ತಗ್ಗಿಸಿ ನಾಚಿಕೊಂಡು ನಗುತ್ತಿದ್ದುದನ್ನು ಅವಳು ನೋಡಿದಳು. ಆ ಮುಖಕ್ಕೆ ಬಾರಿಸಬೇಕು ಅನ್ನಿಸಿತು. ಆ ದಿನ ಮನೆಗೆ ಬಂದು ಸುಮ್ಮನೆ ಪಾತ್ರೆ ತಿಕ್ಕುತ್ತಾ ಕೂತಾಗ ಗಂಡ ದೇವಿದಾಸ, ಕದ್ರಾ ವಿದ್ಯುತ್ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದವನು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಿದ್ದೀಯಲ್ಲ ಎಂದು ಕೇಳಿದ್ದ. ಅವನಿಗೂ ಹೇಳಲಿಲ್ಲ. ಹೇಳುವುದಕ್ಕೆ ಒಂದು ಹಾದಿಯನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು: ಆರನೆಯ ತಿಂಗಳ ಪರೀಕ್ಷೆಗೆ ಮನೆಗೇ ಹೋಗಬೇಕಲ್ಲ, ಆಗ ಕಾಮಿಯನ್ನು ಕೇಳುವುದು, ಯಾವ ಇಳಿತ ಎಂದು. ಬೆಳಗಿನದು ಎಂದುಬಿಟ್ಟರೆ? ಎಂದರೂ ಎನ್ನಬಹುದು. ಹಾಗೆ ಎಂದರೆ ಊರ ದೇವರ ಕಡೆ ತಿರುಗಿ ಕೈ ಮುಗಿದೇನು ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದವಳಿಗೆ, ನಂಬಿಕೆ ಇಲ್ಲದ ಕಡೆ ಹರಕೆ ಹೊರುತ್ತಿರುವ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಂಕೋಲೆಯಲ್ಲಿ ಇಳಿಯುವಾಗ ಪಕ್ಕದ ಹೆಂಗಸು "ಬಂಗಡೆ ಮರ್ತು ಹೋಗ್ಬೇಡಿ" ಎಂದು ಕಾಲ ಕೆಳಗಿಂದ ಡಬ್ಬಿ ಎತ್ತಿಕೊಟ್ಟಳು. ಅದರ ಮೇಲೆ ಅಂಟಿಸಿದ್ದ ಆಸ್ಪತ್ರೆಯ ಚೀಟಿ ಅವಳ ಕಣ್ಣೆದುರೇ ಇತ್ತು. ಆಕೆ ಓದಿದಳೋ ಇಲ್ಲವೋ ತಿಳಿಯಲಿಲ್ಲ. ಮಂಜಗುಣಿಗೆ ಹೋಗುವ ಟೆಂಪೋದಲ್ಲಿ ಕೊನೆಯ ಸೀಟು ಸಿಕ್ಕಿತು. ದೇವಸ್ಥಾನದ ತಿರುವಿನಲ್ಲಿ ಇಳಿದು ಗದ್ದೆಯ ಅಂಚಿನ ಮೇಲೆ ನಡೆದಳು. ಗಜನಿಯಲ್ಲಿ ಕಗ್ಗದ ತೆನೆ ಬಾಗಿತ್ತು. ಬೇರೆಯವರ ಪಾಲುಗಳಲ್ಲಿ ಕೊಯ್ಲು ಹತ್ತಿತ್ತು. ಒಂದು ಪಾಲಿನಲ್ಲಿ ಮಾತ್ರ ಪೈರು ನೀರಿನ ಮೇಲೆ ಬಿದ್ದುಕೊಂಡಿತ್ತು, ಕಟ್ಟೆ ಒಂದು ಕಡೆ ಕುಸಿದಿತ್ತು. ಯಾರದು ಎಂದು ಯಾರನ್ನೂ ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

"ಬಂದ್ರಾ ಅಕ್ಕಾ, ಬನ್ನಿ ಬನ್ನಿ" ಎಂದು ಕಾಮಿ ಅಂಗಳಕ್ಕೇ ಓಡಿಬಂದಳು. ಅವಳಿಗೆ ಮೂವತ್ತೆಂಟು, ಆರು ತಿಂಗಳಲ್ಲಿ ಐವತ್ತಾದ ಹಾಗೆ ಕಂಡಳು. ಆಸ್ಪತ್ರೆಯಲ್ಲಿ ಬಾಯೋರೇ ಬಾಯೋರೇ ಎನ್ನುತ್ತಿದ್ದವಳು ಮೂರನೆಯ ತಿಂಗಳ ಪರೀಕ್ಷೆಗೆ ಬಂದಾಗಿನಿಂದ ಅಕ್ಕಾ ಎನ್ನತೊಡಗಿದ್ದಳು. ಜಗಲಿ ಸಾರಿಸಿ ಒಣಗಿತ್ತು, ಚಾಪೆ ಹಾಸಿತ್ತು, ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಜಟ್ಟಿ ಕಂಬಕ್ಕೆ ಒರಗಿ ಕೂತಿದ್ದ. ತಲೆ ಬಾಚಿತ್ತು, ಮಡಿಕೆ ಬಿಚ್ಚದ ಹೊಸ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿ ಕೂರಿಸಿದ್ದರು. ಸುಗಂಧಾಳನ್ನು ಕಂಡು ನಕ್ಕ. ನಗು ಮುಗಿಯಬೇಕಾದ ಹೊತ್ತಿಗೆ ಮುಗಿಯಲಿಲ್ಲ. "ಯಂಗಿದ್ರಿ ಗೌಡ್ರೇ?" ಎಂದು ಕೇಳಿದಳು. "ಕೊಡ, ಕಾಗೆ, ಹುಣಸೆ, ಶಾಲೆ, ನೀಲಿ" ಎಂದ ಜಟ್ಟಿ.

ಸುಗಂಧಾಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಪರೀಕ್ಷೆಯಲ್ಲಿ ಐದು ಪದ ಹೇಳಿ, ಐದು ನಿಮಿಷ ಬಿಟ್ಟು ನೆನಪಿದೆಯೇ ಎಂದು ಕೇಳುವುದಿತ್ತು. ಪ್ರತಿ ಸಲ ಬೇರೆ ಪದ ಬರಬೇಕು, ಆದರೆ ಕನ್ನಡದಲ್ಲಿ ಒಂದೇ ಪಟ್ಟಿ ಕಳಿಸಿದ್ದರು, ಇನ್ನೊಂದು ಬರುತ್ತದೆ ಬರುತ್ತದೆ ಎಂದು ಬರಲೇ ಇಲ್ಲ. ಒಳಬಾಗಿಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಆ ಐದು ಪದಗಳನ್ನು ದೊಡ್ಡ ಅಕ್ಷರದಲ್ಲಿ ಬರೆದಿತ್ತು. "ಪೂಜಾ ಬರ್ದು ಕೊಟ್ಟದ್ದು" ಎಂದಳು ಕಾಮಿ. ಮಗಳು ಕಾಲೇಜಿಗೆ ಹೋಗಿದ್ದಳು. "ಹದ್ನೈದು ದಿನ ಆಯ್ತು, ಬೆಳಿಗ್ಗೆ ಸಂಜೆ ಹೇಳಿಸ್ತೆ. ಊಟ ಹಾಕೂಕೆ ಮೊದ್ಲು ಒಂದ್ಸಲ. ಈಗ ಬಾಯಿಪಾಠ ಬಂತು, ನೋಡಿ." ಅವಳ ಮುಖದಲ್ಲಿ ಹೆಮ್ಮೆ ಇತ್ತು. ತಿಂಗಳುಗಳ ಹೆಸರನ್ನು ಕೊನೆಯಿಂದ ಮೊದಲಿಗೆ ಹೇಳುವುದನ್ನೂ ಕಲಿಸಿದ್ದಳು. ಡಿಸೆಂಬರಿನಿಂದ ಸೆಪ್ಟೆಂಬರಿನವರೆಗೆ ಬಂದು ಅವನು ನಿಂತ, ತುಟಿ ಆಡಿಸಿದ, ಹೆಂಡತಿಯ ಮುಖ ನೋಡಿ ಹೆದರಿದ. ಪೆನ್ಸಿಲ್ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಎಂದಾಗ ಒಂದು ಗುಂಡಗಿನ ಗೆರೆ ಎಳೆದು, ಅದನ್ನೇ ಹತ್ತು ಸಲ ಸುತ್ತಿ, ಕಾಗದ ಹರಿಯುವ ತನಕ ನಿಲ್ಲಿಸಲಿಲ್ಲ. ಕಾಮಿ ಮೆಲ್ಲನೆ ಪೆನ್ಸಿಲ್ ಬಿಡಿಸಿಕೊಂಡಳು. "ಅದೊಂದು ಬಿಡಿ ಅಕ್ಕಾ, ಅದು ಮೊದ್ಲೂ ಬರ್ತಿರಲಿಲ್ಲ ಅವ್ರಿಗೆ."

ನಾಡಿ, ರಕ್ತದೊತ್ತಡ ಬರೆದುಕೊಂಡಳು. ಕೈ ಬಿಗಿಯಾಗಿ ಹಿಡಿಯಿರಿ ಎಂದರೆ ಹಿಡಿದ, ಬಿಡಿ ಎಂದರೆ ಬಿಡಲಿಲ್ಲ. ಅವನ ಅಂಗೈ ಇನ್ನೂ ಗಜನಿಯಲ್ಲಿ ಗೆಯ್ದವನ ಅಂಗೈಯಂತೆ ಒರಟಾಗಿತ್ತು. ಕೇಳಬೇಕು, ಈಗ ಕೇಳಬೇಕು ಎಂದು ಅವಳು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಫಾರಮಿನ ಮುಂದಿನ ಪ್ರಶ್ನೆಯನ್ನೇ ಕೇಳಿದಳು. ರಾತ್ರಿ ನಿದ್ದೆ ಬರುತ್ತದೆಯೇ? ಸಿಟ್ಟು ಬರುತ್ತದೆಯೇ? ಆಗ ಕಾಮಿ "ಒಳಗೆ ಬನ್ನಿ ಅಕ್ಕಾ, ಒಂದು ಮಾತದೆ" ಎಂದು ಎದ್ದಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಕಾಮಿ ಕೂತುಕೊಳ್ಳಲಿಲ್ಲ, ಸುಗಂಧಾಳ ಮುಖವನ್ನೂ ನೋಡಲಿಲ್ಲ. "ನಾ ನಿಮ್ಗೆ ಸುಳ್ಳು ಹೇಳಿದ್ದೆ" ಎಂದಳು. "ಬೆಳಿಗ್ಗೆ ಇಳಿತ ಅಲ್ಲ. ರಾತ್ರಿದು. ಆ ದಿನ ಜಗಳ ಆಯ್ತು. ಎಂತದೂ ಇಲ್ಲ, ಸಾರಿಗೆ ಉಪ್ಪು ಹೆಚ್ಚಾಯ್ತು ಅಂದ್ರು, ನಾ ಒಂದು ಹೇಳ್ದೆ, ಅವ್ರೊಂದು ಹೇಳಿದ್ರು. ಬಲೆ ಹೊತ್ಕೊಂಡು ಹೊರಟವ್ರಿಗೆ, ಅಲ್ಲೇ ಗುಡ್ಸಲಲ್ಲೇ ಬಿದ್ಕಣಿ, ಮನೆಗೆ ಬರೂದು ಬೇಡ ಅಂದು ಒಳಗಿಂದ ಅಗಳಿ ಹಾಕ್ಕೊಂಡೆ. ಬೆಳಿಗ್ಗೆನೂ ನೋಡೂಕೆ ಹೋಗ್ಲಿಲ್ಲ ನಾ. ಬೇಕಾದ್ರೆ ಬರ್ಲಿ ಅಂತ ಕೂತೆ. ಮಧ್ಯಾಹ್ನಕ್ಕೆ ಪಕ್ಕದ ಗದ್ದೆಯವ್ರು ಕೂಗಿದ್ರು." ಅನ್ನ ಉಕ್ಕಿತು. ಅವಳು ಸೌಟು ತೆಗೆದು ಕಲಕಿದಳು, ಬೆಂಕಿ ಹಿಂದಕ್ಕೆ ಎಳೆದಳು. "ರಾತ್ರಿಯಿಡೀ ಬಿದ್ದಿದ್ರು ಅಂದ್ರೆ ಊರವ್ರು ಎಂತ ಹೇಳ್ತ್ರು? ಪೂಜಾ ಎಂತ ಹೇಳ್ತು? ಅದ್ಕೇ ಇಳಿತ ಅಂದೆ, ಯಾವ ಇಳಿತ ಅಂತ ಹೇಳ್ಲಿಲ್ಲ. ಆದ್ರೆ ನಿಮ್ಗೆ ಗೊತ್ತಾಯ್ತು."

"ನಂಗೆ?" ಎಂದಳು ಸುಗಂಧಾ.

"ಟಾರ್ಚು ನಿಮ್ಮ ಕೈಗೇ ಸಿಕ್ಕಿತಲಾ. ನಾ ಬಾಗಿಲ ಸಂದಿಂದ ನೋಡ್ತಾ ಇದ್ದೆ. ಇನ್ನು ಮುಗೀತು, ಈಗ ಎಲ್ಲರೆದುರು ಕೇಳ್ತ್ರು ಅಂದ್ಕೊಂಡೆ. ನೀವು ಅದ್ನ ಲುಂಗಿಯಲ್ಲಿ ಸುತ್ತಿ ಅಡಗಿಸಿದ್ರಿ. ನನ್ನ ಮಾನ ಉಳಿಸಿದ್ರಿ. ತಾಯಿಯಾದ್ರೂ ಅಷ್ಟು ಮಾಡ್ತಿತ್ತೋ ಇಲ್ಲೋ." ಕಾಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನವರಾತ್ರಿಯಲ್ಲಿ ವೆಂಕಟರಮಣ ದೇವರಿಗೆ ಸುಗಂಧಾಳ ಹೆಸರಿನಲ್ಲಿ ಪೂಜೆ ಮಾಡಿಸಿದ್ದಳಂತೆ. ಗೋತ್ರ ಕೇಳಿದಾಗ ಗೊತ್ತಿಲ್ಲ, ಕಾರವಾರದವರು, ಒಳ್ಳೆಯವರು ಎಂದಿದ್ದಳಂತೆ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ಅದರ ಬದಲು ಸುಗಂಧಾ ಕೈ ಚಾಚಿ ಕಾಮಿಯ ಬೆನ್ನು ಸವರಿದಳು. "ಇರ್ಲಿ ಬಿಡು. ನಾ ಯಾರಿಗೂ ಹೇಳೂದಿಲ್ಲ" ಎಂದಳು. ದನಿ ಎಷ್ಟು ಮೃದುವಾಗಿ, ಎಷ್ಟು ದೊಡ್ಡ ಮನಸ್ಸಿನವರ ದನಿಯಂತೆ ಬಂತೆಂದರೆ ಅವಳಿಗೇ ಬೆಚ್ಚಿಬೀಳುವಂತಾಯಿತು. ಕಾಮಿ ಬಗ್ಗಿ ಅವಳ ಕಾಲು ಮುಟ್ಟಿದಳು, ಎದ್ದು ಅತ್ತಳು, ಅತ್ತು ನಕ್ಕಳು. ಆರು ತಿಂಗಳಿಂದ ಹೊತ್ತದ್ದು ಇಳಿಯಿತು ಎಂದಳು. ಅವಳ ಮೈ ನಿಜವಾಗಿಯೂ ಹಗುರಾದದ್ದು ಕಾಣುತ್ತಿತ್ತು. ಇವಳು ಇಷ್ಟು ನಿರಾಳವಾದಳಲ್ಲ, ಇದನ್ನು ಕೆಡಿಸುವುದು ಯಾವ ನ್ಯಾಯ ಎಂದು ಸುಗಂಧಾಳ ಮನಸ್ಸು ಒಡನೆಯೇ ವಕಾಲತ್ತು ಶುರುಮಾಡಿತು. ಆ ವಕೀಲನ ದನಿ ಅವಳಿಗೆ ಚೆನ್ನಾಗಿ ಪರಿಚಯವಿತ್ತು. ತಪ್ಪು ಮಾಡಿದವಳು ತಾನು, ತಪ್ಪೊಪ್ಪಿಕೊಂಡವಳು ಅವಳು, ಕ್ಷಮಿಸಿದವಳು ಮತ್ತೆ ತಾನೇ. ಅವಳಿಗೆ ನಾಚಿಕೆಯಾಯಿತು, ಒಲೆಯ ಮುಂದೆ ಬಟ್ಟೆಯಿಲ್ಲದೆ ನಿಂತವಳಿಗೆ ಆಗುವ ನಾಚಿಕೆ.

ಇಬ್ಬರೂ ಜಗಲಿಗೆ ಬಂದರು. ಫಾರಮಿನ ಕೊನೆಯ ಪುಟ ಉಳಿದಿತ್ತು, ಆಮೇಲೆ ರಕ್ತ ತೆಗೆಯುವುದು. ಒಬ್ಬನೇ ಹೊರಗೆ ಹೋಗಿ ಬರಬಲ್ಲನೇ? "ಹೋಗ್ತ್ರು ಅಂತ ಬರೀರಿ" ಎಂದಳು ಕಾಮಿ. ಸಾಮಾನು ತರಬಲ್ಲನೇ? "ತರ್ತ್ರು." ಮೊದಲು ಮಾಡುತ್ತಿದ್ದ ಕೆಲಸಕ್ಕೆ ಮರಳಿದ್ದಾನೆಯೇ? "ಹೌದು ಅಂತ ಬರೀರಿ."

ಕಟ್ಟೆ ಕುಸಿದ ಪಾಲು, ನೀರಿಗೆ ಬಿದ್ದ ಪೈರು ಸುಗಂಧಾಳ ಕಣ್ಣೆದುರು ಬಂತು. "ಕಾಮಿ, ಗಜನಿ ನಾ ನೋಡ್ಕೊಂಡೇ ಬಂದೆ."

"ನೋಡಿದ್ರೆ ಎಂತಾಯ್ತು. ನೀವು ಬರೀರಿ ಅಕ್ಕಾ." ಕಾಮಿ ಹತ್ತಿರ ಸರಿದು ಗುಟ್ಟಿನಂತೆ ಹೇಳಿದಳು. "ನಿಮ್ಮ ಔಷಧದಿಂದ ಪೂರಾ ಗುಣ ಆಯ್ತು ಅಂತ ಬರೀರಿ. ನಿಮ್ಮ ಪುಸ್ತಕ ಚಂದ ಆಗ್ಲಿ. ನಂಗಾಗಿ ನೀವು ಅಷ್ಟು ಮಾಡಿದ್ರಿ, ನಂಗ್ಳಿಂದ ಇಷ್ಟೂ ಆಗೂದಿಲ್ವಾ? ಇನ್ನೊಬ್ರಿಗೆ ಕೊಡೂಕಾದ್ರೂ ಆಗ್ತದಲಾ ಆ ಔಷಧ."

ಹದಿನೈದು ದಿನ ಬೆಳಿಗ್ಗೆ ಸಂಜೆ ಅನ್ನದ ತಟ್ಟೆ ಹಿಡಿದುಕೊಂಡು ಈ ಮನುಷ್ಯನ ಬಾಯಲ್ಲಿ ಕೊಡ, ಕಾಗೆ ಹೇಳಿಸಿದ್ದು ಇದಕ್ಕೆ. ತನ್ನ ಋಣ ತೀರಿಸುವುದಕ್ಕೆ. ಸುಗಂಧಾ ಪೆನ್ನಿನ ಮುಚ್ಚಳ ಹಾಕಿದಳು.

"ನಾ ನಿನ್ನ ಸಲುವಾಗಿ ಮಾಡಿದ್ದಲ್ಲ ಕಾಮಿ" ಎಂದಳು.

ಕಾಮಿ ನಗುತ್ತಲೇ ಇದ್ದಳು, ದೊಡ್ಡವರು ದೊಡ್ಡಸ್ತಿಕೆ ತೋರಿಸದೆ ಮಾತಾಡಿದಾಗ ನಗುವ ಹಾಗೆ.

"ಕೇಳು. ಟಾರ್ಚು ಕಂಡು ನಂಗೆ ಗೊತ್ತಾಯ್ತು ರಾತ್ರಿ ಬಿದ್ದದ್ದು ಅಂತ. ಅದಕ್ಕೂ ಮೊದ್ಲೇ ಗೊತ್ತಿತ್ತು. ಆ ಔಷಧಕ್ಕೆ ಹೊತ್ತು ಅಂತ ಇರ್ತದೆ. ಎಂಟು ಗಂಟೆ ಮೀರಿದವ್ರಿಗೆ ಕೊಡೂ ಹಾಗಿಲ್ಲ. ನಂಗೆ ಇನ್ನೊಬ್ಬ ರೋಗಿ ಬೇಕಾಗಿತ್ತು, ಲೆಕ್ಕ ಪೂರಾ ಆಗೂಕೆ. ಡಾಕ್ಟರ ಎದ್ರು ಹತ್ತೂಕಾಲು ಅಂದಾಗಿತ್ತು, ತಪ್ಪು ಅನ್ನೂಕೆ ಮರ್ಯಾದೆ ಅಡ್ಡ ಬಂತು. ಅದ್ಕೆ ಅಡಗಿಸ್ದೆ. ನಿನ್ನ ಜಗಳ, ನಿನ್ನ ಮಾನ, ಅದೆಲ್ಲಾ ನಂಗೆ ಗೊತ್ತೂ ಇರ್ಲಿಲ್ಲ."

ಅಂಗಳದಲ್ಲಿ ಒಂದು ಕೋಳಿ ಕೆದಕುತ್ತಿತ್ತು. ಕಾಮಿಯ ನಗು ಒಮ್ಮೆಗೇ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೋಯಿತು. "ಕೊಡೂ ಹಾಗಿಲ್ಲ ಅಂದ್ರೆ?" ಎಂದಳು.

"ಹೊತ್ತು ಮೀರಿ ಕೊಟ್ರೆ ಕೆಟ್ಟದ್ದೂ ಆಗೂಕೆ ಸಾಕು."

"ಅದ್ರಿಂದ್ಲೇ ಹಿಂಗಾದ್ದಾ ಇವ್ರು?"

"ಗೊತ್ತಿಲ್ಲ. ಪೆಟ್ಟಿನಿಂದ್ಲೇ ಆಗಿರ್ಬಹುದು. ಬಾಟ್ಲಿಯಲ್ಲಿ ಔಷಧ ಇತ್ತೋ ಬರೀ ಉಪ್ಪುನೀರು ಇತ್ತೋ, ಅದೂ ನಂಗೆ ಗೊತ್ತಿಲ್ಲ."

"ಉಪ್ಪುನೀರಾ?" ಎಂದು ಕಾಮಿ ಕೇಳಿದಳು. ಆ ದಿನ ಕಾಗದ ಓದಿ ಹೇಳುವಾಗ ಅದನ್ನೂ ಸುಗಂಧಾ ಓದಿದ್ದಳು, ಓದಬೇಕಾದಷ್ಟು ಓದಿದ್ದಳು, ಬೇಗ ಬೇಗ. ಕಾಮಿ ಹೆಬ್ಬೆರಳು ಒತ್ತಿದ್ದಳು. ಈಗ ಅವಳು ಗಂಡನ ಕಡೆ ನೋಡಿದಳು, ಬಾಗಿಲ ಮೇಲಿನ ಅಕ್ಷರಗಳ ಕಡೆ ನೋಡಿದಳು. "ಆರು ತಿಂಗ್ಳು ನಾ ಅಂದ್ಕೊಂಡೆ, ನಾ ಸುಳ್ಳು ಹೇಳಿದ್ದಕ್ಕೇ ಔಷಧ ಪೂರಾ ಹತ್ಲಿಲ್ಲ ಅಂತ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಸುಗಂಧಾ ಆ ಬೈಗಳನ್ನು ಹಿಡಿದುಕೊಂಡು ಕಾರವಾರದವರೆಗೆ ಹೋಗಬಹುದಿತ್ತು.

"ನಾಳೆ ಡಾಕ್ಟರಿಗೆ ಹೇಳ್ತೆ. ಬರ್ದು ಕೊಡ್ತೆ. ನಿನ್ನ ಹೆಸ್ರು ಎಲ್ಲೂ ಬರೂದಿಲ್ಲ" ಎಂದಳು ಸುಗಂಧಾ. ಮಾತು ಮುಗಿಯುವ ಮೊದಲೇ ಅದು ಯಾರ ಸಮಾಧಾನಕ್ಕೆ ಎಂದು ಅವಳಿಗೆ ತಿಳಿದುಹೋಯಿತು. ಬೆಲ್ಲದ ತಟ್ಟೆಗೆ ಇರುವೆ ಬಂದಿತ್ತು. ಕಾಮಿ ಅದನ್ನು ಎತ್ತಿ ಒಳಗಿಟ್ಟು ಬಂದಳು. ಬಂದವಳು ಚಾಪೆಯ ಮೇಲೆ ಕೂರಲಿಲ್ಲ, ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

ಜಟ್ಟಿಗೆ ಇದಾವುದೂ ತಿಳಿದಿರಲಿಲ್ಲ. ಮಾತು ನಿಂತದ್ದು ಮಾತ್ರ ತಿಳಿದಿರಬೇಕು. ಆಸ್ಪತ್ರೆಯಲ್ಲಿ ಪ್ರತಿ ಸಲವೂ ಮಾತೆಲ್ಲ ಮುಗಿದ ಮೇಲೆ ಏನಾಗುತ್ತದೆಂಬುದು ಅವನ ಮಿದುಳಿನಲ್ಲಿ ಹೇಗೋ ಉಳಿದುಕೊಂಡಿತ್ತು. ಅವನು ಹೊಸ ಅಂಗಿಯ ತೋಳಿನ ಗುಂಡಿಯನ್ನು ಬಹಳ ಹೊತ್ತು ಹುಡುಕಿ ಬಿಚ್ಚಿದ, ತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿದ, ನರ ಕಾಣುವ ಹಾಗೆ ಮುಷ್ಟಿ ಬಿಗಿದು ಸುಗಂಧಾಳ ಕಡೆಗೆ ಕೈ ಚಾಚಿದ. "ತಕಣಿ" ಎಂದ. ನೀಲಿ ಡಬ್ಬಿ ಅವಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. "ತಕಣಿ" ಎಂದು ಅವನು ಇನ್ನೊಮ್ಮೆ ಹೇಳಿ ನಕ್ಕ. ಕಾಮಿ ಆ ಕೈಯನ್ನು ಹಿಡಿದು, ಬಿಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತೋಳಿನ ಬಟ್ಟೆಯನ್ನು ಮಣಿಕಟ್ಟಿನವರೆಗೆ ಇಳಿಸಿ, ಗುಂಡಿ ಹಾಕಿ, ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.